ಮೈನಸ್ 80 ಫ್ರೀಜರ್: ಹಳೆಯದು, ಹೈಡ್ರೋಕಾರ್ಬನ್, ಸ್ಟರ್ಲಿಂಗ್

ಲ್ಯಾಬ್ ಮಾದರಿಗಳನ್ನು ಮೈನಸ್ 80 ಡಿಗ್ರಿಯಲ್ಲಿ ಇಡುವ ಈ ಮೂರು ಬಗೆಯ ಫ್ರೀಜರ್‌ಗಳನ್ನು ಹೋಲಿಸುವ ಮುನ್ನ ಒಂದು ಮಾತು. ಪ್ಲಗ್‌ಗೆ ಯೂನಿಟ್ ಮೀಟರ್ ಸಿಕ್ಕಿಸಿ ಕನಿಷ್ಠ ಮೂರು ದಿನ ಓಡಿಸಿ. ಕೋಣೆಯ ಉಷ್ಣಾಂಶ, ಒಳಗಿನ ಸರಕು, ಬಾಗಿಲು ತೆಗೆಯುವ ಲೆಕ್ಕ ಎಲ್ಲದಕ್ಕೂ ಒಂದೇ ಇರಲಿ. ಐದು ನಿಮಿಷದ ವ್ಯಾಟ್ ನಂಬಬೇಡಿ. ಕಂಪ್ರೆಸರ್ ಮಲಗಿದ್ದಾಗ ನೋಡಿದರೆ ಎಲ್ಲ ಫ್ರೀಜರೂ ಸಾಧುವೇ.

ಹಳೆಯದು ಕ್ಯಾಸ್ಕೇಡ್, ಅಂದರೆ ಒಂದು ಸರ್ಕ್ಯೂಟ್ ಇನ್ನೊಂದನ್ನು ತಂಪು ಮಾಡುವ ಜೋಡಿ. ಅದರಲ್ಲಿ ಎರಡು ಕಂಪ್ರೆಸರ್, ಸಾಮಾನ್ಯವಾಗಿ ಆರ್-404ಎ ಮತ್ತು ಆರ್-508ಬಿ ಅನಿಲ. ದಿನಕ್ಕೆ 16ರಿಂದ 25 ಯೂನಿಟ್ ನುಂಗುತ್ತದೆ. ಸೆಟ್ ಪಾಯಿಂಟ್ (ನಾವು ಇಟ್ಟ ಉಷ್ಣಾಂಶ) ಮೈನಸ್ 70ಕ್ಕೆ ಏರಿಸಿದರೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಉಳಿಯುತ್ತದೆ, ಖರ್ಚು ಸೊನ್ನೆ. ಅಲಾರಂ ಮಿತಿಯನ್ನೂ ಮೈನಸ್ 60ರ ಹತ್ತಿರಕ್ಕೆ ಸರಿಸಬೇಕು, ಮರೆತರೆ ರಾತ್ರಿಯೆಲ್ಲ ಕೂಗುತ್ತದೆ. ಕರೆಂಟ್ ಹೋದಾಗ ಮೈನಸ್ 50 ಮುಟ್ಟುವವರೆಗಿನ ಸಮಯ ಮಾತ್ರ ಕಡಿಮೆಯಾಗುತ್ತದೆ. ಜನರೇಟರ್ ಇಲ್ಲದಿದ್ದರೆ ಯೋಚಿಸಿ. ಡಿಸ್‌ಪ್ಲೇ ತೋರಿಸುವುದು ಸೆನ್ಸರ್ ಇರುವ ಜಾಗದ್ದಷ್ಟೇ. ಮೇಲಿನ ಶೆಲ್ಫಿನ ಬಾಗಿಲ ಬದಿಗೆ ಬೇರೆ ಪ್ರೋಬ್ ಇಟ್ಟು ನೋಡಿ.

ಹೊಸದು ಕೊಳ್ಳುವ ಮೊದಲು ಗ್ಯಾಸ್ಕೆಟ್, ಅಂದರೆ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ, ನೋಡಿ. ಬಾಗಿಲ ನಡುವೆ ಕಾಗದದ ಚೀಟಿ ಇಟ್ಟು ಎಳೆಯಿರಿ. ಸಲೀಸಾಗಿ ಜಾರಿದ ಕಡೆ ಹೊರಗಿನ ತೇವ ಒಳನುಗ್ಗುತ್ತಿದೆ. ಅಲ್ಲೇ ಹಿಮ ಕಟ್ಟುತ್ತದೆ, ಹಿಮ ದಪ್ಪವಾದಂತೆ ಬಾಗಿಲು ಇನ್ನಷ್ಟು ಸಡಿಲ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ. ಚಾಕು ಹಾಕಿದರೆ ರಬ್ಬರೂ ಹೋಯಿತು, ಒಳಗೋಡೆಯ ಕೊಳವೆಯೂ ಹೋಯಿತು. ಬಿಸಿ ಹೊರಹಾಕುವ ಕಂಡೆನ್ಸರಿನ ಫಿಲ್ಟರನ್ನು ಎರಡು ಮೂರು ತಿಂಗಳಿಗೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಬದಲಿಸಲೇಬೇಕೆಂದರೆ ಹೈಡ್ರೋಕಾರ್ಬನ್, ಅಂದರೆ ಪ್ರೊಪೇನ್-ಈಥೇನ್ ಕ್ಯಾಸ್ಕೇಡ್‌ಗೆ ನನ್ನ ಮತ. ಈಥೇನ್ ಸಾಮಾನ್ಯ ಒತ್ತಡದಲ್ಲೇ ಮೈನಸ್ 89ರಲ್ಲಿ ಕುದಿಯುತ್ತದೆ. ಜೊತೆಗೆ ವೇಗ ಬದಲಿಸುವ ಕಂಪ್ರೆಸರ್ ಇದ್ದರೆ 7ರಿಂದ 10 ಯೂನಿಟ್ ಸಾಕು. ವೇಗ ಬದಲಿಸದ ಮಾದರಿಯಲ್ಲಿ ಲಾಭದ ದೊಡ್ಡ ಪಾಲು ಕೈತಪ್ಪುತ್ತದೆ, ಬ್ರೋಷರಿನಲ್ಲಿ ಅದನ್ನೇ ಹುಡುಕಿ. ಉರಿಯುವ ಅನಿಲವಾದ್ದರಿಂದ ಒಂದೊಂದು ಸರ್ಕ್ಯೂಟಿಗೂ ತುಂಬುವುದು ಸಾಮಾನ್ಯವಾಗಿ 150 ಗ್ರಾಂ ಒಳಗೆ. ಬೆಸುಗೆಗೆ ಮುನ್ನ ನೈಟ್ರೋಜನ್ ಹಾಯಿಸಿ ತೊಳೆಯದವರನ್ನು ಹತ್ತಿರ ಬಿಡಬೇಡಿ. ಎರಡೂ ಕ್ಯಾಸ್ಕೇಡ್‌ಗಳ ಹಳೇ ರೋಗ ಎಣ್ಣೆ: ಕಂಪ್ರೆಸರಿನಿಂದ ಹೊರಟದ್ದು ಕ್ಯಾಪಿಲರಿ ಎಂಬ ತಣ್ಣನೆಯ ಸಣ್ಣ ಕೊಳವೆಯಲ್ಲಿ ಗಟ್ಟಿಯಾಗಿ ದಾರಿ ಕಟ್ಟುತ್ತದೆ.

ಸ್ಟರ್ಲಿಂಗ್‌ಗೆ ಆ ರೋಗವಿಲ್ಲ. ಹೀಲಿಯಂ ತುಂಬಿದ ಮುಚ್ಚಿದ ಎಂಜಿನ್ನಿನಲ್ಲಿ ಪಿಸ್ಟನ್ ಎಣ್ಣೆಯಿಲ್ಲದೆ ಓಡಾಡುತ್ತದೆ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಹೆಚ್ಚು ಕಡಿಮೆ ಮಾಡಿಯೇ ತಂಪನ್ನು ಹಿಡಿತದಲ್ಲಿಡುತ್ತದೆ. ಕಂಪ್ರೆಸರ್ ಶುರುವಾಗುವಾಗಿನ ಕರೆಂಟ್ ಜಿಗಿತವೂ ಇಲ್ಲ. ಖರ್ಚು 7 ಯೂನಿಟ್ ಆಸುಪಾಸು. ಆದರೆ ಕೆಟ್ಟರೆ ಊರ ಫ್ರಿಜ್ ಮೆಕ್ಯಾನಿಕ್ ಬಿಚ್ಚುವ ವಸ್ತುವಲ್ಲ. ಕಂಪನಿಯ ಸರ್ವೀಸ್ ಎಷ್ಟು ದೂರ ಅಂತ ಕೇಳಿಯೇ ಆರ್ಡರ್ ಹಾಕಿ.

ಯಾವುದೇ ಇರಲಿ, ಅದು ತಿಂದ ಪ್ರತಿ ಯೂನಿಟ್ಟೂ ಕೋಣೆಗೆ ಬಿಸಿಯಾಗಿ ಬೀಳುತ್ತದೆ, ಅದನ್ನು ಹೊರಹಾಕಲು ಎಸಿ ಮತ್ತೆ ದುಡಿಯಬೇಕು. ಉಳಿತಾಯ ಲೆಕ್ಕ ಹಾಕುವಾಗ ಆ ಎಸಿ ಬಿಲ್ಲನ್ನೂ ಸೇರಿಸಿ.