ರೈನ್ ಕ್ರೂಸ್: ಅರ್ಧ ಹಡಗು, ಅರ್ಧ ಬಸ್ಸು

ಐದಕ್ಕೆ ಎರಡೂವರೆ ಸ್ಟಾರ್.

2022ರ ಆಗಸ್ಟ್‌ನಲ್ಲಿ ರೈನ್ ನದಿಯ ಹಡಗು ಪ್ರವಾಸಕ್ಕೆ ಹೋಗಿದ್ದು. ಜರ್ಮನಿಯಲ್ಲಿರುವ ಮಗಳು ಟಿಕೆಟ್ ಮಾಡಿಸಿದ್ದಳು. ಕೊಬ್ಲೆಂಜ್‌ವರೆಗೆ ಎಲ್ಲ ಚೆನ್ನಾಗಿತ್ತು. ಮಾರನೇ ದಿನ ಬೆಳಗ್ಗೆ ಬ್ರೆಡ್ಡಿಗೆ ಮನೆಯಿಂದ ತಂದ ಚಟ್ನಿಪುಡಿ ಸವರುತ್ತಿದ್ದೆ, ಆಗ ಮೈಕಿನಲ್ಲಿ ಹೇಳಿದರು: ಮುಂದೆ ನೀರಿಲ್ಲ, ಪೆಟ್ಟಿಗೆ ಕಟ್ಟಿಕೊಳ್ಳಿ.

ಕಾರಣ ಕೌಬ್ ಎಂಬ ಸಣ್ಣ ಊರು. ರೈನ್ ನದಿಯಲ್ಲಿ ತೀರಾ ಆಳ ಕಡಿಮೆ ಇರುವ ಜಾಗಗಳಲ್ಲಿ ಅದೂ ಒಂದು. ಆ ತಿಂಗಳು ಅಲ್ಲಿನ ಅಳತೆಗೋಲು 40 ಸೆಂಟಿಮೀಟರ್‌ಗಿಂತ ಕೆಳಗೆ ಇಳಿದಿತ್ತು. ಅಂದರೆ ಮೊಣಕಾಲುದ್ದ ನೀರು ಅಂತಲ್ಲ. ಹಡಗಿನ ದಾರಿಯಲ್ಲಿ ಅದಕ್ಕಿಂತ ಇನ್ನೊಂದು ಮೀಟರ್ ಜಾಸ್ತಿ ಇರುತ್ತದೆ. ಆದರೂ ನಮ್ಮ ಹಡಗಿಗೆ ಸಾಲದು. ಕೆಆರ್‌ಎಸ್ ಮಟ್ಟ ಓದುತ್ತಲೇ ಬೆಳೆದವಳು ನಾನು, ನೀರಿಲ್ಲ ಅಂದರೆ ಜಗಳ ಆಡುವುದಿಲ್ಲ.

ಆದರೆ ಮಟ್ಟ ಇಳಿಯುತ್ತಿರುವುದು ವಾರದಿಂದ ಪೇಪರಿನಲ್ಲಿ ಬರುತ್ತಿತ್ತು. ಹಿಂದಿನ ರಾತ್ರಿ ಊಟದಲ್ಲೇ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಬಸ್ಸಿನಲ್ಲಿ ಕೌಬ್ ದಾಟಿಸಿ ಮೈಂಟ್ಸ್ ಊರಿಗೆ ಕರೆದೊಯ್ದು ಅದೇ ಕಂಪನಿಯ ಇನ್ನೊಂದು ಹಡಗು ಹತ್ತಿಸಿದರು. ಮಂಡಿ ನೋವಿನ ನಮ್ಮ ಯಜಮಾನರಿಗೆ ಕೆಳಗಿನ ಡೆಕ್ಕಿನ ಕ್ಯಾಬಿನ್. ಕೇಳಿದ್ದಕ್ಕೆ ರಿಸೆಪ್ಷನ್ ಹುಡುಗಿ ಸುಮ್ನೆ ನಕ್ಕಳು. ಪೆಟ್ಟಿಗೆ ಹೊತ್ತ ಹುಡುಗರಿಗೆ ಮಾತ್ರ ಪೂರ್ತಿ ಅಂಕ.

ದುಡ್ಡು ವಾಪಸ್ ಇಲ್ಲ, ಮುಂದಿನ ಪ್ರವಾಸಕ್ಕೆ ವೋಚರ್ ಅಂತೆ. ಹೋಗುವವರು ಬುಕ್ ಮಾಡುವ ಮೊದಲೇ "ನೀರು ಇಳಿದರೆ ಏನು ಕೊಡ್ತೀರಿ?" ಅಂತ ಬರಹದಲ್ಲಿ ಕೇಳಿ. ಆಗಸ್ಟ್ ಬಿಟ್ಟು ಮೇ ತಿಂಗಳು ನೋಡಿ.