ಬೈಸಿಕೊಂಡ ಮೂರು ದೆವ್ವದ ಪಿಚ್ಚರ್, ಮೂರು ಶನಿವಾರ

ವಿಮರ್ಶಕರ ಅಭಿಪ್ರಾಯಗಳನ್ನು ಒಟ್ಟುಹಾಕುವ ರಾಟನ್ ಟೊಮೆಟೋಸ್ ಜಾಲತಾಣದಲ್ಲಿ ಸಿನಿಮಾ ಹೆಸರಿನ ಪಕ್ಕ ಹಸಿರು ಬಣ್ಣದ ಒಡೆದ ಟೊಮೆಟೊ ಕಂಡರೆ, ಅಂದರೆ ಹೆಚ್ಚಿನವರು ಬೈದಿದ್ದಾರೆ ಅಂತಾದರೆ, ಬಹಳ ಜನ ಮುಂದಕ್ಕೆ ಹೋಗುತ್ತಾರೆ. ನಾನು ಅಲ್ಲೇ ನಿಲ್ಲುತ್ತೇನೆ. ಅದು ದೆವ್ವದ ಸಿನಿಮಾ ಆಗಿದ್ದರೆ ಕೂತೇ ಬಿಡುತ್ತೇನೆ.

ಸಿನಿಮಾ ಎಷ್ಟು ಕೆಟ್ಟದಾಗಿದೆ ಅಂತ ನಕ್ಕು ಮಜಾ ತಗೊಳ್ಳೋರು ಇದ್ದಾರೆ. ನನ್ನದು ಆ ಜಾತಿಯ ಇಷ್ಟ ಅಲ್ಲ. ನನಗೆ ಇವು ನಿಜವಾಗಿಯೂ ಇಷ್ಟ. ಹಾಗಂತ ವಿಮರ್ಶಕರು ತಪ್ಪು ಅಂತಲೂ ಹೇಳಲಾರೆ. ಅವರು ಬರೆದಿದ್ದನ್ನು ಓದಿದರೆ ಮುಕ್ಕಾಲು ಪಾಲು ಸರಿಯೇ ಇರುತ್ತದೆ. ಅದೇ ಪೇಚು.

ಈ ಮಳೆಗಾಲದಲ್ಲಿ ಅಂಥ ಮೂರು ಸಿನಿಮಾ ಆರಿಸಿಕೊಂಡು ಮೂರು ಶನಿವಾರ ನೋಡಿದೆ. ಈವೆಂಟ್ ಹೊರೈಝನ್ (1997), ಥರ್ಟೀನ್ ಘೋಸ್ಟ್ಸ್ (2001), ಘೋಸ್ಟ್ ಶಿಪ್ (2002). ಮೂರನ್ನೂ ಹಿಂದೆ ಒಮ್ಮೆ ನೋಡಿದ್ದೆ. ಮೂರೂ ಒಂದೂವರೆ ಗಂಟೆಯ ಆಸುಪಾಸಿನವು. ಮೂರರಲ್ಲೂ ದೆವ್ವಕ್ಕಿಂತ ದೆವ್ವ ಇರುವ ಜಾಗವೇ ದೊಡ್ಡದು: ಒಂದರಲ್ಲಿ ಅಂತರಿಕ್ಷ ನೌಕೆ, ಒಂದರಲ್ಲಿ ಗಾಜಿನ ಮನೆ, ಇನ್ನೊಂದರಲ್ಲಿ ಸಮುದ್ರದ ಹಡಗು. ಮೂರಕ್ಕೂ ಬಿದ್ದ ಬೈಗುಳ ಹೆಚ್ಚುಕಡಿಮೆ ಒಂದೇ. ಸೆಟ್ ಚೆನ್ನಾಗಿದೆ, ಕತೆ ಎಲ್ಲಿ?

ಜೊತೆಗೆ ಅಕ್ಕನ ಮಗ ಇದ್ದ. ರಜೆಗೆ ಬಂದಿದ್ದ. ಪಕ್ಕದ ರೂಮಿನಲ್ಲಿ ಅಮ್ಮ ಮಲಗಿರುತ್ತಾರೆ, ಹಾಗಾಗಿ ರಾತ್ರಿ ಹತ್ತರ ಮೇಲೆ ಟಿವಿ ವಾಲ್ಯೂಮ್ ಹನ್ನೆರಡು ದಾಟಬಾರದು. ಇದು ನಮ್ಮ ಮನೆಯ ಕಾನೂನು. ಕೊನೆಗೆ ಹೋಲಿಕೆಯನ್ನೆಲ್ಲ ತಲೆಕೆಳಗು ಮಾಡಿದ್ದು ಈ ಹನ್ನೆರಡೇ.

ಮೊದಲ ಶನಿವಾರ ಈವೆಂಟ್ ಹೊರೈಝನ್. 2040ರಲ್ಲಿ ಕಾಣೆಯಾದ ನೌಕೆ 2047ರಲ್ಲಿ ನೆಪ್ಚೂನ್ ಹತ್ತಿರ ಮತ್ತೆ ಕಾಣಿಸಿಕೊಳ್ಳುತ್ತದೆ. ಏನಾಯಿತು ಅಂತ ನೋಡಲು ಒಂದು ರಕ್ಷಣಾ ತಂಡ ಹೋಗುತ್ತದೆ. ಅದರ ಕ್ಯಾಪ್ಟನ್ ಪಾತ್ರದಲ್ಲಿ ಲಾರೆನ್ಸ್ ಫಿಶ್‌ಬರ್ನ್. ಆ ನೌಕೆ ಕಟ್ಟಿದ ವಿಜ್ಞಾನಿ ಸ್ಯಾಮ್ ನೀಲ್, ಅಂದರೆ ನಾಲ್ಕು ವರ್ಷ ಮೊದಲು ಜುರಾಸಿಕ್ ಪಾರ್ಕ್‌ನಲ್ಲಿ ಮಕ್ಕಳನ್ನು ಕಾಪಾಡಿದ ಅದೇ ಮನುಷ್ಯ. ಇಲ್ಲಿ ಅವರ ಕಣ್ಣು ನೋಡಿದರೆ ಯಾವ ಮಗುವನ್ನೂ ಹತ್ತಿರ ಬಿಡಬೇಕು ಅನ್ನಿಸಲ್ಲ.

ಶುರುವಿನಲ್ಲಿ ಸ್ಯಾಮ್ ನೀಲ್ ಒಂದು ಕಾಗದ ಮಡಚಿ, ಅದರೊಳಗೆ ಪೆನ್ನು ತೂರಿಸಿ, ದೂರದ ಎರಡು ಜಾಗ ಹೇಗೆ ಒಂದಾಗುತ್ತವೆ ಅಂತ ವಿವರಿಸುತ್ತಾರೆ. "ಮಾಮ, ಇದು ಇಂಟರ್‌ಸ್ಟೆಲ್ಲರ್‌ದು!" ಅಂದ ಹುಡುಗ. ಇದು ಆ ಸಿನಿಮಾಕ್ಕಿಂತ ಹದಿನೇಳು ವರ್ಷ ಹಳೇದು ಕಣೋ ಅಂದೆ. ಅಷ್ಟು ಹೊತ್ತು ಚೆನ್ನಾಗಿಯೇ ನಡೆಯಿತು. ಆಮೇಲೆ ಸಿನಿಮಾ ಯಾಕೋ ಹಿಡಿಯಲೇ ಇಲ್ಲ. ವಿಮರ್ಶಕರು ಹೇಳಿದ ಹಾಗೆ ಹಳೆಯ ಒಳ್ಳೊಳ್ಳೆ ಸಿನಿಮಾಗಳ ತುಂಡುಗಳೇ ಕಾಣಿಸತೊಡಗಿದವು. ನಾಲ್ಕು ಮನೆಯ ಸಾರು ಒಂದೇ ಪಾತ್ರೆಗೆ ಸುರಿದ ಹಾಗೆ. ಹುಡುಗ ಮೊಬೈಲ್ ತೆಗೆದ. ನಾನೂ ಆಕಳಿಸಿದೆ.

ಬೇಜಾರಾಯಿತು. ನನ್ನ ನೆನಪಿನಲ್ಲಿ ಇದೇ ಮೂರರಲ್ಲಿ ದೊಡ್ಡಣ್ಣ. ಮಂಗಳವಾರ ರಾತ್ರಿ ಒಬ್ಬನೇ ಕೂತು ಹೆಡ್‌ಫೋನ್ ಹಾಕಿಕೊಂಡು ಮತ್ತೆ ನೋಡಿದೆ. ಅದು ಬೇರೆಯೇ ಸಿನಿಮಾ! ಕಾಣೆಯಾದ ನೌಕೆಯಿಂದ ಬಂದ ಒಂದು ಧ್ವನಿಮುದ್ರಿಕೆ ಇದೆ. ಬರೀ ಕಿರುಚಾಟ, ನರಳಾಟ, ನಡುವೆ ಲ್ಯಾಟಿನ್‌ನಲ್ಲಿ ಒಂದು ಮಾತು. ತಂಡದ ಡಾಕ್ಟರು ಅದನ್ನು "ನನ್ನನ್ನು ಕಾಪಾಡಿ" ಅಂತ ಅರ್ಥ ಮಾಡಿಕೊಳ್ಳುತ್ತಾನೆ. ಆಮೇಲೆ ಇನ್ನೊಮ್ಮೆ ಗಮನವಿಟ್ಟು ಕೇಳುತ್ತಾನೆ. ಆ ಮಾತು "ನಿಮ್ಮನ್ನು ನೀವು ಕಾಪಾಡಿಕೊಳ್ಳಿ, ನರಕದಿಂದ" ಅಂತ ಇರುತ್ತದೆ. ವಾಲ್ಯೂಮ್ ಹನ್ನೆರಡರಲ್ಲಿ ಇದೊಂದು ಸಬ್‌ಟೈಟಲ್ ಸಾಲು, ಅಷ್ಟೇ. ಹೆಡ್‌ಫೋನ್‌ನಲ್ಲಿ ಕೇಳಿದ ಮೇಲೆ ನಾನು ಎದ್ದು ಹೋಗಿ ಬಾತ್‌ರೂಮ್ ಲೈಟ್ ಹಾಕಿ ಬಂದೆ.

ಇನ್ನು ನೌಕೆಯ ಒಳಾಂಗಣ. ಪ್ಯಾರಿಸ್‌ನ ನೋತ್ರದಾಮ್ ಚರ್ಚನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅದನ್ನು ರೂಪಿಸಿದರಂತೆ. ಗೊತ್ತಾದ ಮೇಲೆ ಕಂಬ, ಕಮಾನು ಎಲ್ಲ ಕಣ್ಣಿಗೆ ಬೀಳುತ್ತವೆ. ಎಂಜಿನ್ ಕೋಣೆಗೆ ಗರ್ಭಗುಡಿಯ ಗತ್ತಿದೆ, ಒಳಗಿರುವುದು ಮಾತ್ರ ದೇವರಲ್ಲ.

ಕತೆ ಕೊನೆಯಲ್ಲಿ ಓಡಿ ಓಡಿ ಮುಗಿಯುತ್ತದೆ ಅನ್ನುವ ದೂರು ನಿಜ. ಅದಕ್ಕೆ ಕಾರಣವೂ ಇದೆ. ಆ ವರ್ಷ ಬೇಸಿಗೆಗೆ ಬರಬೇಕಿದ್ದ ಟೈಟಾನಿಕ್ ಡಿಸೆಂಬರ್‌ಗೆ ಹೋಯಿತು. ಎರಡರ ಹಿಂದೆಯೂ ಇದ್ದ ಸ್ಟುಡಿಯೊ ಪ್ಯಾರಾಮೌಂಟ್‌ಗೆ ಬೇಸಿಗೆಯಲ್ಲಿ ಒಂದು ಸಿನಿಮಾ ಬೇಕಿತ್ತು. ನಿರ್ದೇಶಕ ಪಾಲ್ ಆಂಡರ್ಸನ್‌ಗೆ ಎಡಿಟಿಂಗ್‌ಗೆ ಸಮಯ ಸಾಲಲಿಲ್ಲ. ಮೊದಲ ಕಟ್ ಸುಮಾರು 130 ನಿಮಿಷ ಇತ್ತು, ತೆರೆಗೆ ಬಂದಿದ್ದು 96. ಕತ್ತರಿಸಿದ ಭಾಗವನ್ನು ಯಾರೂ ಸರಿಯಾಗಿ ಕಾಪಾಡಲಿಲ್ಲ. ಟೈಟಾನಿಕ್ ಮುಳುಗಿಸಿದ ಹಡಗುಗಳ ಲೆಕ್ಕಕ್ಕೆ ಇದನ್ನೂ ಸೇರಿಸಬಹುದು.

ಎರಡನೇ ಶನಿವಾರ ಥರ್ಟೀನ್ ಘೋಸ್ಟ್ಸ್. ಇದು ವಿಲಿಯಂ ಕ್ಯಾಸಲ್ 1960ರಲ್ಲಿ ಮಾಡಿದ ಸಿನಿಮಾದ ಹೊಸ ರೂಪ. ಆ ಹಳೆಯದರ ಪ್ರದರ್ಶನದಲ್ಲಿ ಪ್ರೇಕ್ಷಕರಿಗೆ ಕೆಂಪು-ನೀಲಿ ಹಾಳೆ ಅಂಟಿಸಿದ ರಟ್ಟು ಕೊಡುತ್ತಿದ್ದರು. ಕೆಂಪಿನಲ್ಲಿ ನೋಡಿದರೆ ದೆವ್ವ ಕಾಣುತ್ತದೆ, ಹೆದರಿಕೆ ಆದರೆ ನೀಲಿಯಲ್ಲಿ ನೋಡಿ, ಮಾಯ. ಹೊಸದರಲ್ಲಿ ಆ ಕನ್ನಡಕ ಪಾತ್ರಗಳ ಮೂಗಿನ ಮೇಲೆ ಬಂದಿದೆ. ಹಾಕಿಕೊಂಡರೆ ಮಾತ್ರ ದೆವ್ವ ಕಾಣುವುದು. ತೆಗೆದರೆ ಖಾಲಿ ಕೋಣೆ, ಆದರೆ ದೆವ್ವ ಅಲ್ಲೇ ಇರುತ್ತದೆ. ಬಹಳ ಸರಳ ಉಪಾಯ, ಅಲ್ವಾ? ಆದರೂ ಪ್ರತಿ ಸಲ ಕೆಲಸ ಮಾಡುತ್ತದೆ.

ಸೈರಸ್ ಅನ್ನೋ ಶ್ರೀಮಂತ ದೆವ್ವಗಳನ್ನು ಹಿಡಿದು ಕೂಡಿಡುತ್ತಾನೆ. ಅವನು ಸತ್ತ ಮೇಲೆ ಗಾಜಿನ ಮನೆ ಸಂಬಂಧದಲ್ಲಿ ಮಗನಾಗಬೇಕಾದ ಆರ್ಥರ್‌ಗೆ ಬರುತ್ತದೆ. ನಮ್ಮ ಹುಡುಗ ನನ್ನ ಕಡೆ ತಿರುಗಿ, "ಮಾಮ, ನೀನು ಈ ಮನೆ ನನ್ನ ಹೆಸರಿಗೆ ಬರೆದರೆ ಮೊದಲು ಹಿತ್ತಲು ಚೆಕ್ ಮಾಡ್ತೀನಿ" ಅಂದ. ಆ ಗಾಜಿನ ಗೋಡೆಗಳ ಮೇಲೆಲ್ಲ ಲ್ಯಾಟಿನ್ ಮಂತ್ರ ಕೊರೆದಿದ್ದಾರೆ. ಮನೆಯೇ ಒಂದು ದೊಡ್ಡ ಗಡಿಯಾರದ ಹಾಗೆ. ಗೋಡೆ ಸರಿಯುತ್ತದೆ, ನೆಲಮಾಳಿಗೆಯಲ್ಲಿ ಒಂದೊಂದೇ ದೆವ್ವದ ಬೀಗ ತೆರೆದುಕೊಳ್ಳುತ್ತದೆ.

ಈ ಸಿನಿಮಾಕ್ಕೆ ಬಿದ್ದ ದೊಡ್ಡ ಬೈಗುಳ ಗದ್ದಲದ್ದು. ಕಿರುಚಾಟ, ಫಟ್ ಫಟ್ ಅಂತ ಮಿನುಗುವ ಬೆಳಕು, ತಲೆನೋವು. ನಿಜ. ಮಿನುಗುವ ಬೆಳಕಿಗೆ ಫಿಟ್ಸ್ ಬರುವವರು ಇದನ್ನು ನೋಡಲೇಬೇಡಿ, ತಮಾಷೆಗೆ ಹೇಳುತ್ತಿಲ್ಲ. ಆದರೆ ವಾಲ್ಯೂಮ್ ಹನ್ನೆರಡರಲ್ಲಿ ಅರ್ಧ ಗದ್ದಲ ಬಿದ್ದುಹೋಯಿತು. ನಟ ಮ್ಯಾಥ್ಯೂ ಲಿಲ್ಲರ್ಡ್ ಗಂಟಲು ಹರಿಯುವ ಹಾಗೆ ಕೂಗುವುದು ನಮಗೆ ಪಕ್ಕದ ಬೀದಿಯ ಜಗಳದಷ್ಟೇ ಕೇಳಿಸಿತು. ಆಗ ಕಣ್ಣಿಗೆ ಬಿಡುವು ಸಿಕ್ಕಿತು. ದೆವ್ವಗಳೆಲ್ಲ ಮೇಕಪ್ ಹಾಕಿಕೊಂಡ ನಿಜವಾದ ನಟರು. ಒಂದಕ್ಕೆ ತಲೆಗೆ ಕಬ್ಬಿಣದ ಪಂಜರ. ಇನ್ನೊಂದಕ್ಕೆ ಮೈತುಂಬ ಮೊಳೆ, ಕೈ ಇರುವಲ್ಲಿ ಸುತ್ತಿಗೆ. ಗಾಜಿನ ಆಚೆ ಸುಮ್ನೆ ನಿಂತಿದ್ದಾಗಲೇ ಅವು ಜಾಸ್ತಿ ಹೆದರಿಸುತ್ತವೆ. ಪಾಜ್ ಒತ್ತಿ ಒತ್ತಿ ನೋಡಿದೆವು. ಒಬ್ಬ ವಕೀಲನಿಗೂ ಒಂದು ಗಾಜಿನ ಬಾಗಿಲಿಗೂ ನಡೆಯುವ ವ್ಯವಹಾರ ಏನು ಅಂತ ಇಲ್ಲಿ ಹೇಳುವುದಿಲ್ಲ. ಹುಡುಗ ಮಾತ್ರ ಆ ಜಾಗದಲ್ಲಿ ಮೂರು ಸಲ ಹಿಂದೆ ಹೋದ.

ಕತೆ? ಪೇಪರ್ ದೋಸೆಯಷ್ಟು ತೆಳು. ಮಕ್ಕಳು ಕಾಣೆಯಾಗುತ್ತಾರೆ, ದೊಡ್ಡವರು ಹುಡುಕುತ್ತಾರೆ. ಡಿವಿಡಿಯಲ್ಲಿ ಒಂದೊಂದು ದೆವ್ವದ ಹಿಂದಿನ ಬದುಕನ್ನು ಬಿಡಿಬಿಡಿಯಾಗಿ ಹೇಳುವ ಭಾಗ ಇತ್ತು. ಅದು ಸಿನಿಮಾಗಿಂತ ಚೆನ್ನಾಗಿದೆ ಅಂದರೆ ನಿರ್ದೇಶಕರಿಗೆ ಬೇಜಾರಾಗಬಹುದು, ಆದರೆ ಹಾಗೇ ಇದೆ.

ಮೂರನೇ ಶನಿವಾರದ ಘೋಸ್ಟ್ ಶಿಪ್ ಕೂಡ ಅದೇ ನಿರ್ದೇಶಕರದ್ದು, ಸ್ಟೀವ್ ಬೆಕ್. ಇದರ ಬಗ್ಗೆ ಹೇಳಲು ಕಡಿಮೆ ಇದೆ, ಯಾಕೆಂದರೆ ಸಿನಿಮಾ ಇರುವುದೇ ಮೊದಲ ಕೆಲವು ನಿಮಿಷ. 1962, ಇಟಲಿಯ ಐಷಾರಾಮಿ ಹಡಗು. ಗುಲಾಬಿ ಬಣ್ಣದ ಬಳುಕುವ ಅಕ್ಷರದಲ್ಲಿ ಹೆಸರುಗಳು. ಯಾವುದೋ ಪ್ರೇಮಕತೆ ಶುರುವಾಯಿತೇನೋ ಅನ್ನಿಸಬೇಕು. ಡೆಕ್ ಮೇಲೆ ಎಲ್ಲರೂ ಕುಣಿಯುತ್ತಿರುತ್ತಾರೆ. ಆಗ ಒಂದು ಉಕ್ಕಿನ ತಂತಿ ಕಿತ್ತು ಬಂದು ಅವರನ್ನೆಲ್ಲ ಸೀಳಿಕೊಂಡು ಹೋಗುತ್ತದೆ. ಆಮೇಲೆ ಕೆಲವು ಕ್ಷಣ ಯಾರೂ ಬೀಳುವುದಿಲ್ಲ. ಆ ಕೆಲವು ಕ್ಷಣದ ಮೌನ! ಅದನ್ನು ಬೈದವರು ನನಗೆ ಸಿಕ್ಕಿಲ್ಲ.

ಅಲ್ಲಿಂದ ಮುಂದೆ ತುಕ್ಕು ಹಿಡಿದ ಹಡಗು, ಚಿನ್ನದ ಗಟ್ಟಿ, ಟಾರ್ಚ್ ಹಿಡಿದು ಓಡಾಟ. ಗೇಬ್ರಿಯಲ್ ಬರ್ನ್ ಅಂಥ ನಟ ಇದ್ದೂ ಏನೂ ಆಗಲ್ಲ. ಇಲ್ಲಿ ವಿಮರ್ಶಕರಿಗೆ ನನ್ನ ಪೂರ್ತಿ ಸಹಿ. ಒಂದು ಎಚ್ಚರಿಕೆ ಅಂದರೆ ಊಟ ಮಾಡುತ್ತಾ ನೋಡಬೇಡಿ. ಹಡಗಿನಲ್ಲಿ ಸಿಕ್ಕ ಡಬ್ಬಿ ಊಟವನ್ನು ಇಬ್ಬರು ಚಪ್ಪರಿಸಿ ತಿನ್ನುವ ಜಾಗ ಒಂದಿದೆ. ನನ್ನ ತಟ್ಟೆಯಲ್ಲಿ ಶ್ಯಾವಿಗೆ ಉಪ್ಪಿಟ್ಟು ಇತ್ತು. ಅದು ಹಾಗೇ ಉಳಿಯಿತು.

ಹಾಗಾದರೆ ಯಾವುದು ನೋಡುವುದು? ಒಬ್ಬರೇ ಇದ್ದೀರಿ, ಒಳ್ಳೆ ಹೆಡ್‌ಫೋನ್ ಇದೆ ಅಂದರೆ ಈವೆಂಟ್ ಹೊರೈಝನ್. ಹೆದರಿಕೆಯ ಲೆಕ್ಕದಲ್ಲಿ ಉಳಿದೆರಡು ಇದರ ಹತ್ತಿರ ಬರಲ್ಲ. ಈಗೀಗ ಇದನ್ನು ಹೊಗಳುವವರೂ ಬಹಳ ಜನ, ಹಾಗಾಗಿ ಇಷ್ಟ ಅಂತ ಹೇಳಿಕೊಳ್ಳಲು ನಾಚಿಕೆಯೂ ಬೇಕಿಲ್ಲ. ಘೋಸ್ಟ್ ಶಿಪ್ ಆದರೆ ಶುರು ಮಾತ್ರ ನೋಡಿ, ಆಮೇಲೆ ಮಲಗಿ.

ಆದರೆ ನನ್ನ ಓಟು ಥರ್ಟೀನ್ ಘೋಸ್ಟ್ಸ್‌ಗೆ. ಮೂರರಲ್ಲಿ ಇದನ್ನು ಮಾತ್ರ ನಾವಿಬ್ಬರೂ ಮೊಬೈಲ್ ಮುಟ್ಟದೆ ನೋಡಿದೆವು. ಒಂದು ಮನೆ, ಅದರ ತುಂಬ ಒಂದರ ಹಾಗೆ ಇನ್ನೊಂದಿಲ್ಲದ ದೆವ್ವಗಳು, ಪ್ರತಿಯೊಂದನ್ನೂ ಯಾರೋ ಕೂತು ಗಂಟೆಗಟ್ಟಲೆ ಬಣ್ಣ ಬಳಿದು, ಮೊಳೆ ಅಂಟಿಸಿ ಮಾಡಿದ್ದಾರೆ. ಆ ಕೆಲಸಕ್ಕಾಗಿ ನಾನು ತೆಳು ಕತೆಯನ್ನು ಸಹಿಸುತ್ತೇನೆ.

ಹುಡುಗ ಊರಿಗೆ ಹೋದ ಮೇಲೆ ಅಮ್ಮ ಒಂದು ಬೆಳಿಗ್ಗೆ ಕಾಫಿ ಕೊಡುತ್ತಾ ಕೇಳಿದರು. "ಆ ತಲೆಗೆ ಪಂಜರ ಹಾಕ್ಕೊಂಡೋನು ಯಾರಪ್ಪ? ನೀರು ಕುಡಿಯಕ್ಕೆ ಎದ್ದಿದ್ದೆ, ಬಾಗಿಲಲ್ಲೇ ನಿಂತು ಪೂರ್ತಿ ನೋಡ್ದೆ. ಏನೂ ಕೇಳಿಸ್ಲಿಲ್ಲ, ಸ್ವಲ್ಪ ಸೌಂಡ್ ಇಡಬಾರ್ದಾ?"