ಕೊರೊಸಿಂಕ್‌ನ ಸಿಮ್ಯಾಪ್ ಲೈಬ್ರರಿ: ವರ್ಷಗಟ್ಟಲೆ ಕೋಡ್ ಬರೆದ ಮೇಲೆ ಅನ್ನಿಸಿದ್ದು

ಲಿನಕ್ಸ್‌ನಲ್ಲಿ ಪೇಸ್‌ಮೇಕರ್ ಕ್ಲಸ್ಟರ್ (ಒಂದು ಯಂತ್ರ ಕೆಟ್ಟರೆ ಇನ್ನೊಂದು ಅದರ ಕೆಲಸ ವಹಿಸಿಕೊಳ್ಳುವ ಸರ್ವರ್‌ಗಳ ಗುಂಪು) ನಡೆಸುವವರಿಗೆ ಕೊರೊಸಿಂಕ್ ಗೊತ್ತೇ ಇರುತ್ತದೆ. ಆ ಸರ್ವರ್‌ಗಳ ನಡುವೆ ಸಂದೇಶ ಸಾಗಿಸಿ, ಯಾವುದು ಬದುಕಿದೆ ಅಂತ ನೋಡಿಕೊಳ್ಳುವ ಪ್ರೋಗ್ರಾಮ್ ಅದು. ಅದರ ಕಾನ್ಫಿಗರೇಶನ್ ಡೇಟಾಬೇಸನ್ನು ನಮ್ಮ ಪ್ರೋಗ್ರಾಮ್‌ನಿಂದ ಓದಲು, ಬರೆಯಲು ಕೊಟ್ಟಿರುವ ಲೈಬ್ರರಿ ಸಿಮ್ಯಾಪ್. ನೋಡ್‌ಗಳ (ಕ್ಲಸ್ಟರಿನ ಒಂದೊಂದು ಯಂತ್ರ) ಮೇಲೆ ಕಣ್ಣಿಡುವ ಒಂದು ಡೀಮನ್‌ಗೋಸ್ಕರ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ನಾನು ಇದನ್ನು ಸಿ ಭಾಷೆಯಲ್ಲಿ ಬಳಸುತ್ತಿದ್ದೇನೆ. ಇದಕ್ಕೂ ಮೊದಲು ಇದರ ಜಾಗದಲ್ಲಿದ್ದ ಹಳೆಯ ಕಾನ್ಫ್‌ಡಿಬಿ ಲೈಬ್ರರಿ ಬಳಸುತ್ತಿದ್ದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಂದು ನೋಡ್‌ನಲ್ಲಿ ನೀವು ಬರೆದ ಕೀ (ಒಂದು ಹೆಸರು, ಅದಕ್ಕೊಂದು ಬೆಲೆ ಅಂದರೆ ವ್ಯಾಲ್ಯೂ) ಇನ್ನೊಂದು ನೋಡ್‌ಗೆ ಹೋಗುವುದಿಲ್ಲ. ಎಲ್ಲವೂ ಆಯಾ ನೋಡ್‌ನ ಮೆಮೊರಿಯಲ್ಲೇ ಇರುತ್ತದೆ. ಕೊರೊಸಿಂಕ್ ರೀಸ್ಟಾರ್ಟ್ ಆದರೆ ಕಾನ್ಫ್ ಫೈಲಿನಲ್ಲಿ ಇದ್ದದ್ದು ಮಾತ್ರ ವಾಪಸ್ ಬರುತ್ತದೆ, ನೀವು ಬರೆದದ್ದು ಮಾಯ. ಎಲ್ಲ ನೋಡ್‌ಗಳಿಗೂ ಒಂದೇ ಡೇಟಾ ಕಾಣಬೇಕು ಅಂದರೆ ಎಟ್‌ಸಿಡಿ, ಝೂಕೀಪರ್‌ನಂಥ ಹಂಚಿಕೆಯ ಡೇಟಾ ಸ್ಟೋರ್‌ಗಳ ಕಡೆ ಹೋಗಿ. ಇಲ್ಲದಿದ್ದರೆ ಕೊರೊಸಿಂಕ್‌ನದೇ ಸಿಪಿಜಿ ಲೈಬ್ರರಿಯಿಂದ ಸಂದೇಶ ಕಳಿಸಿ. ಸಿಮ್ಯಾಪ್‌ನಿಂದ ಅದನ್ನು ಮಾಡಿಸಲು ಹೋಗುವುದು ಸುಮ್ನೆ ಒದ್ದಾಟ.

ಕಾನ್ಫ್‌ಡಿಬಿಗೆ ಹೋಲಿಸಿದರೆ ಇದು ಎಷ್ಟೋ ಹಗುರ. ಅಲ್ಲಿ ಎಲ್ಲವೂ ಆಬ್ಜೆಕ್ಟ್‌ಗಳ ಮರ. ಒಂದು ಟೈಮ್‌ಔಟ್ ಓದಬೇಕಾದರೂ ಹುಡುಕಾಟ ಶುರು ಮಾಡಿ, ಹ್ಯಾಂಡಲ್ ಹಿಡಿದು, ಅದರೊಳಗಿನ ಕೀ ಕೇಳಿ, ಕೊನೆಗೆ ಹುಡುಕಾಟವನ್ನು ಮುಚ್ಚಬೇಕಿತ್ತು. ಸುತ್ತಿ ಬಳಸಿ ಮೂಗು ಹಿಡಿದ ಹಾಗೆ. 2012ರಲ್ಲಿ ಬಂದ 2.0 ಆವೃತ್ತಿಯಲ್ಲಿ ಆ ಮರವನ್ನೇ ಕಿತ್ತುಹಾಕಿ, ಚುಕ್ಕಿಗಳಿರುವ ಉದ್ದನೆಯ ಕೀ ಹೆಸರುಗಳ ಪಟ್ಟಿ ಮಾಡಿದರು. ಹೆಸರು 3ರಿಂದ 255 ಅಕ್ಷರ ಇರಬಹುದು. ಒಂದು ಕಾಲ್, ಒಂದು ಉತ್ತರ.

ಆದರೆ ಯಾವ ಕೀ ಕೇಳುತ್ತೀರಿ ಅನ್ನುವುದು ಮುಖ್ಯ. ಟೋಕನ್ ಟೈಮ್‌ಔಟನ್ನೇ ತೆಗೆದುಕೊಳ್ಳಿ: ಟೋಟೆಮ್ (ಕೊರೊಸಿಂಕ್‌ನ ಸಂದೇಶ ಸಾಗಿಸುವ ಪ್ರೋಟೊಕಾಲ್) ನೋಡ್‌ಗಳ ನಡುವೆ ಸುತ್ತಿಸುವ ಟೋಕನ್‌ಗೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ. 'ಟೋಟೆಮ್.ಟೋಕನ್' ಅನ್ನುವುದು ಫೈಲಿನಲ್ಲಿ ಬರೆದಿರುವ ಬೆಲೆ. ಯಾರೂ ಬರೆಯದಿದ್ದರೆ ಆ ಕೀ ಇರುವುದೇ ಇಲ್ಲ. ನಿಜವಾಗಿ ಜಾರಿಯಲ್ಲಿರುವುದು 'ರನ್‌ಟೈಮ್.ಕಾನ್ಫಿಗ್.ಟೋಟೆಮ್.ಟೋಕನ್'. ನೋಡ್‌ಲಿಸ್ಟ್‌ನಲ್ಲಿ ಮೂರು ಅಥವಾ ಜಾಸ್ತಿ ನೋಡ್ ಇದ್ದರೆ, ಎರಡರ ಮೇಲಿನ ಪ್ರತಿ ನೋಡ್‌ಗೂ 650 ಮಿಲಿಸೆಕೆಂಡ್ ಸೇರುತ್ತದೆ. ಫೈಲಿನಲ್ಲಿ 1000 ಅಂತ ಇದ್ದು ಐದು ನೋಡ್ ಇದ್ದರೆ ಲೆಕ್ಕ 2950ಕ್ಕೆ ಬರುತ್ತದೆ. ಫೈಲಿನ ಬೆಲೆಯನ್ನೇ ನಂಬಿ ಟೈಮರ್ ಕಟ್ಟಿದ ಕೋಡ್, ನೋಡ್ ಸತ್ತಿದೆ ಅಂತ ಕ್ಲಸ್ಟರ್‌ಗಿಂತ ಮೊದಲೇ ಕೂಗಿಕೊಳ್ಳುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಟ್ರ್ಯಾಕಿಂಗ್. ಒಂದು ಕೀ ಅಥವಾ ಒಂದು ಪ್ರಿಫಿಕ್ಸ್ (ಕೀ ಹೆಸರಿನ ಮೊದಲ ಭಾಗ) ಹೇಳಿದರೆ ಸಾಕು, ಅಲ್ಲಿ ಏನೇ ಸೇರಿದರೂ, ಬದಲಾದರೂ, ಅಳಿಸಿದರೂ ಕಾಲ್‌ಬ್ಯಾಕ್ ಬರುತ್ತದೆ, ಅಂದರೆ ನಾವು ಕೊಟ್ಟ ಫಂಕ್ಷನ್ ಓಡುತ್ತದೆ. ಹಳೆಯ ಬೆಲೆ, ಹೊಸ ಬೆಲೆ ಎರಡೂ ಕೈಗೆ ಸಿಗುತ್ತವೆ. ಲೈಬ್ರರಿ ಕೊಡುವ ಫೈಲ್ ಡಿಸ್ಕ್ರಿಪ್ಟರನ್ನು ನಮ್ಮ ಪೋಲ್ ಲೂಪಿಗೆ (ಹೊಸದೇನು ಬಂತು ಅಂತ ಕಾಯುವ ಲೂಪ್) ಸೇರಿಸಿದರೆ ಬೇರೆ ಥ್ರೆಡ್ ಕೂಡ ಬೇಡ.

ಗೋಳು ಶುರುವಾಗುವುದು ರೀಲೋಡ್ ಹೊತ್ತಿನಲ್ಲಿ. ಯಾರೋ ಕಾನ್ಫ್ ಫೈಲು ತಿದ್ದಿ ರೀಲೋಡ್ ಕೊಡುತ್ತಾರೆ, ಅಂದರೆ ಕೊರೊಸಿಂಕ್ ನಿಲ್ಲಿಸದೆ ಫೈಲನ್ನು ಮತ್ತೆ ಓದಿಸುತ್ತಾರೆ. ಆಗ ಕೀಗಳ ಬದಲಾವಣೆ ಒಂದೊಂದಾಗಿ ಬರುತ್ತದೆ. ಒಂದು ನೋಡ್‌ನ ವಿಳಾಸ ಬದಲಾಗಿರುತ್ತದೆ, ಪಕ್ಕದ ಕೀ ಇನ್ನೂ ಹಳೆಯದೇ. ಆ ಕ್ಷಣದಲ್ಲಿ ಕಾಲ್‌ಬ್ಯಾಕ್ ಒಳಗೆ ನಿರ್ಧಾರ ತೆಗೆದುಕೊಂಡರೆ ಅರ್ಧಂಬರ್ಧ ಚಿತ್ರವೇ ಗತಿ. ಇದಕ್ಕೆ ಅವರೇ ಒಂದು ದಾರಿ ಇಟ್ಟಿದ್ದಾರೆ: 'ಕಾನ್ಫಿಗ್.ರೀಲೋಡ್_ಇನ್_ಪ್ರೋಗ್ರೆಸ್' ಕೀ. ರೀಲೋಡ್ ಶುರುವಾದಾಗ 1, ಮುಗಿದಾಗ 0. ನಾನು ಇದನ್ನೂ ಟ್ರ್ಯಾಕ್ ಮಾಡುತ್ತೇನೆ. 1 ಇರುವಷ್ಟು ಹೊತ್ತು ಏನೋ ಬದಲಾಗಿದೆ ಅಂತ ಗುರುತು ಹಾಕಿಕೊಳ್ಳುವುದಷ್ಟೇ. 0 ಆದಮೇಲೆ ಇಡೀ ನೋಡ್‌ಲಿಸ್ಟನ್ನು ಹೊಸದಾಗಿ ಓದುವುದು. ಇಷ್ಟು ಮುಖ್ಯವಾದ ಮಾತು ಟ್ರ್ಯಾಕಿಂಗ್ ವಿವರಣೆಯ ಮೊದಲ ಸಾಲಲ್ಲೇ ಇರಬೇಕಿತ್ತು, ಅಲ್ವಾ? ಅದು ಕೂತಿರುವುದು ಕೀಗಳ ಪಟ್ಟಿ ಇರುವ ಬೇರೆ ಕೈಪಿಡಿ ಪುಟದಲ್ಲಿ.

ಸಣ್ಣಪುಟ್ಟ ಕಿರಿಕಿರಿಗಳೂ ಇವೆ. ಸ್ಟ್ರಿಂಗ್ ಓದಿದಾಗ ಲೈಬ್ರರಿ ಮೆಮೊರಿ ಕೊಡುತ್ತದೆ, ಬಿಡುಗಡೆ ಮಾಡುವ ಹೊಣೆ ನಮ್ಮದು. ಕೀಗಳನ್ನು ಸಾಲಾಗಿ ಓದುತ್ತಾ ಹೋದರೆ ಕೊನೆಯಲ್ಲಿ 'ನೋ ಸೆಕ್ಷನ್ಸ್' ಎರರ್ ಬರುತ್ತದೆ. ಹೆದರಬೇಡಿ, ಪಟ್ಟಿ ಮುಗಿಯಿತು ಅಂತ ಅರ್ಥ. ರೂಟ್ ಅಲ್ಲದ ಯೂಸರ್‌ಗೆ ಯುಐಡಿಜಿಐಡಿ (ಯಾವ ಯೂಸರ್, ಗ್ರೂಪ್‌ಗೆ ಪ್ರವೇಶ ಅಂತ ಬರೆಯುವ) ಫೈಲಿನಲ್ಲಿ ಅನುಮತಿ ಕೊಡದೆ ಬಾಗಿಲೇ ತೆರೆಯುವುದಿಲ್ಲ. ಕೊರೊಸಿಂಕ್ ಸತ್ತು ಮತ್ತೆ ಎದ್ದರೆ ಹಳೆಯ ಹ್ಯಾಂಡಲ್ (ಹಿಂದಿನ ಸಂಪರ್ಕದ ಗುರುತು) ಕೆಲಸಕ್ಕೆ ಬರುವುದಿಲ್ಲ. ಹೊಸದಾಗಿ ಸಂಪರ್ಕ ಮಾಡಿ, ಟ್ರ್ಯಾಕರ್‌ಗಳನ್ನೆಲ್ಲ ಮತ್ತೆ ಹಾಕಬೇಕು.

ಡೀಬಗ್ ಮಾಡಲು ಕೊರೊಸಿಂಕ್-ಸಿಮ್ಯಾಪ್‌ಸಿಟಿಎಲ್ ಕಮಾಂಡ್ ಇದೆ. ಕೋಡ್ ಬರೆಯುವ ಮೊದಲು ಅದರಲ್ಲೇ ಒಂದು ಪ್ರಿಫಿಕ್ಸ್ ಟ್ರ್ಯಾಕ್ ಮಾಡಿ, ಇನ್ನೊಂದು ಟರ್ಮಿನಲ್‌ನಲ್ಲಿ ರೀಲೋಡ್ ಕೊಟ್ಟು ನೋಡಿ. ಯಾವ ಕೀ ಯಾವ ಕ್ರಮದಲ್ಲಿ ಬರುತ್ತದೆ ಅನ್ನುವುದು ಕಣ್ಣೆದುರೇ ಕಾಣುತ್ತದೆ.

ಇನ್ನೂ 2ನೇ ಆವೃತ್ತಿಯಲ್ಲಿದ್ದು 3ಕ್ಕೆ ಹೋಗುವವರು ಅಂಕಿಅಂಶದ ಕೀಗಳನ್ನು ಓದುವ ಕೋಡನ್ನು ಮೊದಲು ತಿದ್ದಿಕೊಳ್ಳಿ. ಟೋಟೆಮ್ ಲೆಕ್ಕಗಳು ಈಗ 'ಸ್ಟ್ಯಾಟ್ಸ್' ಅನ್ನುವ ಬೇರೆ ಮ್ಯಾಪಿನಲ್ಲಿವೆ (ಕೀಗಳ ಇನ್ನೊಂದು ಪಟ್ಟಿ). ಅದಕ್ಕೆ ಸಂಪರ್ಕ ಮಾಡುವಾಗಲೇ ಯಾವ ಮ್ಯಾಪ್ ಬೇಕು ಅಂತ ಹೇಳಬೇಕು. ಹಳೆಯ ಹೆಸರಿನಲ್ಲಿ ಕೇಳಿದರೆ ಅಂಥ ಕೀ ಇಲ್ಲ ಅನ್ನುತ್ತದೆ ಅಷ್ಟೇ, ಎಲ್ಲಿಗೆ ಹೋಯಿತು ಅಂತ ಹೇಳುವುದಿಲ್ಲ.